ರೇಡಿಯೋ ಬಿಸಿಯಾಗುತ್ತಿದ್ದ ಕಾಲ

"ಸತ್ತೋಗೈತಾ ನೋಡಪ್ಪ" ಎಂದು ದೊಡ್ಡಮ್ಮ ನನ್ನ ಕೈ ಹಿಡಿದು ಟ್ರಾನ್ಸಿಸ್ಟರಿನ ಮೇಲೆ ಇಟ್ಟರು.

ಟ್ರಾನ್ಸಿಸ್ಟರು ಹಾಡುತ್ತಿತ್ತು!

ಸತ್ತದ್ದು ಎಲ್ಲಾದರೂ ಹಾಡುತ್ತದೆಯೇ? ನಾನು ನಕ್ಕೆ. ದೊಡ್ಡಮ್ಮ ನಗಲಿಲ್ಲ.

"ಹಾಡೋದು ನಂಗೂ ಕೇಳ್ತೈತೆ ಕಣೋ, ನಾನೇನು ಕಿವುಡಿಯಾ? ಮೈ ಮುಟ್ಟಿ ನೋಡು. ಬೆಳಗಿಂದ ಹಾಕಿಟ್ಟಿದೀನಿ, ಒಂದು ಚೂರೂ ಬೆಚ್ಚಗಾಗಿಲ್ಲ. ಜೀವ ಇದ್ದಿದ್ರೆ ಮೈ ಹಿಂಗಿರ್ತಿತ್ತಾ?"

ಇದು ನಡೆದದ್ದು ಮೊನ್ನೆ ಸಂಕ್ರಾಂತಿಗೆ, ಮೇಲೂರಿನಲ್ಲಿ. ಚಿಕ್ಕಬಳ್ಳಾಪುರದಿಂದ ಸಣ್ಣ ರೈಲು ಹತ್ತಿ, ಶಿಡ್ಲಘಟ್ಟದಲ್ಲಿ ಇಳಿದು, ಎಳ್ಳುಬೆಲ್ಲದ ಆಸೆಗೆ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಪುಷ್ಯದ ಚಳಿ. ನಡುಮನೆಯಲ್ಲಿ ಶಾಲು ಹೊದ್ದ ಒಂದು ಗಂಟು ಕೂತಿತ್ತು. ಗಂಟಿನೊಳಗಿಂದ ಯಾರೋ ಪುಣ್ಯಾತ್ಮರು ಕೃಷಿಕರಿಗೆ ಸಲಹೆ ಕೊಡುತ್ತಿದ್ದರು. ಶಾಲು ಸರಿಸಿದರೆ ಟ್ರಾನ್ಸಿಸ್ಟರು. ಅದರ ನೆತ್ತಿಯ ಮೇಲೆ ಮಡಚಿದ ಹಳೆಯ ಪಂಚೆ. ಪಂಚೆಯ ಮೇಲೆ ಎರಡು ಕಾಗದದ ಹಾಳೆ. ಹಾಳೆಗಳ ತುಂಬ ಸಾಸಿವೆಗಿಂತ ಸಣ್ಣ ಚುಕ್ಕಿಗಳು.

ರೇಷ್ಮೆಹುಳುವಿನ ಮೊಟ್ಟೆ!

(ನಮ್ಮ ಕಡೆಯ ಓದುಗರು ಈಗಾಗಲೇ ನಗುತ್ತಿದ್ದೀರಿ ಅಂತ ಗೊತ್ತು. ಉಳಿದವರು ಸ್ವಲ್ಪ ತಾಳಿಕೊಳ್ಳಿ, ಹೇಳುತ್ತೇನೆ.)

ಹದಿನೈದು ವರ್ಷಕ್ಕೂ ಹಿಂದಿನ ಮಾತು, ಐವತ್ತರ ದಶಕ ಆಗಿನ್ನೂ ಶುರುವಾಗಿತ್ತು. ಊರಿಗೆ ಕರೆಂಟು ಬಂದ ಹೊಸತು. ನಮ್ಮ ದೊಡ್ಡಪ್ಪ ಬೆಂಗಳೂರಿನಿಂದ ಒಂದು ರೇಡಿಯೋ ತಂದರು. ರೇಡಿಯೋ ಅಂದರೆ ಈಗಿನ ಹಾಗೆ ಹೆಗಲಿಗೆ ನೇತುಹಾಕಿಕೊಂಡು ಹೊಲಕ್ಕೆ ಹೋಗುವ ಸಾಮಾನೇ? ಇಬ್ಬರು ಹಿಡಿದು ಇಳಿಸಬೇಕಾದ ಮರದ ಪೆಟ್ಟಿಗೆ. ಮುಂದೆ ಗಾಜಿನ ಪಟ್ಟಿ, ಹಿಂದೆ ತೂತು ತೂತಿನ ರಟ್ಟು. ಆ ತೂತುಗಳಲ್ಲಿ ಇಣುಕಿದರೆ ಒಳಗೆ ವಾಲ್ವುಗಳು. ಬಲ್ಬಿನ ತಂಗಿಯರ ಹಾಗೆ, ಸಾಲಾಗಿ ನಿಂತು, ಕೆಂಡದ ಬಣ್ಣಕ್ಕೆ ಬರುತ್ತಿದ್ದವು. ಕಿವಿ ಹಿಂಡಿದ ತಕ್ಷಣ ಮಾತಾಡುತ್ತಿರಲಿಲ್ಲ ಅದು. ಮೊದಲು ಗಾಜಿನ ಪಟ್ಟಿ ಹಳದಿಯಾಗಬೇಕು. ಆಮೇಲೆ ಒಳಗೆ ಬಿಸಿಯೇರಬೇಕು. ಕಾದ ಧೂಳು, ಕಾದ ಮರದ ವಾಸನೆ ಮನೆ ತುಂಬಬೇಕು. ಅಷ್ಟಾದ ಮೇಲೆ ದೂರದಿಂದ ಯಾರೋ ನಡೆದು ಬಂದ ಹಾಗೆ ದನಿ ಬರುತ್ತಿತ್ತು.

ಆ ಕಾಯುವಿಕೆಯಲ್ಲೇ ಎಷ್ಟು ಸುಖವಿತ್ತು! ಈಗ ಒತ್ತಿದರೆ ಹಾಡು. ಹಾಡಿಗೆ ಮುಂಚಿನ ಆ ಒಂದು ಗಳಿಗೆ ಎಲ್ಲಿ ಹೋಯಿತು?

ರೇಡಿಯೋ ಬಂದು ನಾಲ್ಕು ದಿನವೂ ಆಗಿರಲಿಲ್ಲ, ಮನೆಯ ಬೆಕ್ಕು ಒಲೆಗೂಡು ಬಿಟ್ಟು ರೇಡಿಯೋ ತಲೆ ಮೇಲೆ ವಾಸ್ತವ್ಯ ಹೂಡಿತು. ವಾರ್ತೆ ಓದುತ್ತಿದ್ದರೂ ನಿದ್ದೆ, ಪಿಟೀಲು ನುಡಿಸುತ್ತಿದ್ದರೂ ನಿದ್ದೆ. ದೊಡ್ಡಪ್ಪ ಓಡಿಸಿದರು. ದೊಡ್ಡಮ್ಮ ಮಾತ್ರ ಬೆಕ್ಕು ಮಲಗಿದ್ದ ಜಾಗದ ಮೇಲೆ ಕೈಯಿಟ್ಟು ನಿಂತರು.

"ಬೆಕ್ಕಿಗೆ ಗೊತ್ತಾಗಿದ್ದು ನಮಗೆ ಗೊತ್ತಾಗ್ಬಾರ್ದಾ?" ಎಂದರಂತೆ.

ರೇಷ್ಮೆ ಸಾಕುವವರಿಗೆ ಚಳಿಗಾಲದ ಚಿಂತೆ ಒಂದೇ. ಮೊಟ್ಟೆಗಳೆಲ್ಲ ಒಟ್ಟಿಗೆ ಒಡೆಯಬೇಕು. ಹಿಂದುಮುಂದಾದರೆ ಒಂದು ಹುಳು ಪೊರೆ ಬಿಡಲು ಮಲಗಿದಾಗ (ನಾವು ಅದನ್ನು ಜ್ವರ ಎನ್ನುತ್ತೇವೆ) ಇನ್ನೊಂದು ಸೊಪ್ಪಿಗೆ ಬಾಯಿ ಬಿಡುತ್ತದೆ. ಒಂದೇ ತಟ್ಟೆಯಲ್ಲಿ ಉಪವಾಸವೂ ಊಟವೂ! ಬೆಳೆ ಕೆಟ್ಟಿತೆಂದೇ ಲೆಕ್ಕ. ಅದಕ್ಕೆ ಮನೆಮನೆಯಲ್ಲೂ ಕೆಂಡದ ಬಾಣಲಿ ಇಡುತ್ತಿದ್ದರು. ಕೆಂಡ ಒಂದೇ ಸಮ ಇರುತ್ತದೆಯೇ? ಒಂದು ಗಳಿಗೆ ಉರಿ, ಒಂದು ಗಳಿಗೆ ಬೂದಿ, ಮೇಲೆ ಹೊಗೆ. ರೇಡಿಯೋಗೆ ಆ ಚಪಲವಿಲ್ಲ. ಹಾಕಿಟ್ಟರೆ ಒಂದೇ ಹದ.

ದೊಡ್ಡಮ್ಮ ಪಂಚೆ ಮಡಚಿ ಹಾಸಿದರು. ಮೊಟ್ಟೆ ಹಾಳೆ ಇಟ್ಟರು. ಮರಿಹುಳುಗಳು ಒಂದೇ ಬೆಳಗಿಗೆ, ಕಪ್ಪು ಎಳ್ಳು ಚೆಲ್ಲಿದ ಹಾಗೆ, ಒಟ್ಟಿಗೆ ಹೊರಬಂದವು.

ಆಮೇಲೆ ಕೇಳಬೇಕೇ? ಪಕ್ಕದ ಮನೆ ಲಕ್ಷ್ಮಕ್ಕ ತನ್ನ ಹಾಳೆ ತಂದಳು. ಎದುರುಮನೆಯವರು ತಂದರು. ಹಿಂದಿನ ಬೀದಿಯವರು ತಂದರು. ಮೊಟ್ಟೆ ಇಟ್ಟು ಸುಮ್ಮನೆ ಹೋಗಲಾಗುತ್ತದೆಯೇ? ತಮ್ಮ ಹಾಳೆಯ ಮೇಲೆ ಒಂದು ಕಣ್ಣಿಡಲು ಅಲ್ಲೇ ಕೂರುತ್ತಿದ್ದರು. ಕೂತವರು ಅವರೆಕಾಯಿ ಸುಲಿಯುತ್ತಿದ್ದರು. ಸುಲಿಯುತ್ತಾ ಅತ್ತೆಯರನ್ನೂ ಸುಲಿಯುತ್ತಿದ್ದರು. ನಡುನಡುವೆ ಕೈ ಕಾಯಿಸಿಕೊಳ್ಳಲು ರೇಡಿಯೋ ಪಕ್ಕೆಯ ಮೇಲೆ ಅಂಗೈ. ಎಷ್ಟೊಂದು ಅಂಗೈಗಳು! ಆ ಮರದ ಪಾಲಿಶ್ ಅಲ್ಲೆಲ್ಲ ಸವೆದು ಹೋಗಿತ್ತು. ದೊಡ್ಡಪ್ಪ ಮಾತ್ರ ಗೊಣಗುತ್ತಿದ್ದರು: "ಪೋಸ್ಟಾಫೀಸಿನಲ್ಲಿ ನಾನು ಲೈಸೆನ್ಸು ಮಾಡಿಸಿದ್ದು ರೇಡಿಯೋಗೆ. ಬಾಣಂತನಕ್ಕಲ್ಲ!"

ದೊಡ್ಡಪ್ಪ ಹೋದರು. ಹೋದ ವರ್ಷ ರೇಡಿಯೋವೂ ಹೋಯಿತು. ಒಂದು ವಾಲ್ವು ಸುಟ್ಟುಹೋಗಿತ್ತು, ಅಷ್ಟೇ. ಅದನ್ನು ಹಿಡಿದು ನಾನು ಚಿಕ್ಕಬಳ್ಳಾಪುರದ ರಿಪೇರಿ ಅಂಗಡಿಗೆ ಹೋದೆ, ಚಿಂತಾಮಣಿಗೆ ಹೋದೆ. "ಸಾರ್, ಈಗ ಯಾರು ಸಾರ್ ವಾಲ್ವು ಕೇಳ್ತಾರೆ?" ಎಂದರು ಎಲ್ಲ ಕಡೆಯೂ. ಹೊಸ ನೀರು ಬಂದು ಹಳೆ ನೀರು ಕೊಚ್ಚಿಕೊಂಡು ಹೋಗಿತ್ತು.

ಆಗ ದೊಡ್ಡಮ್ಮನ ಮಗಳು ಸರೋಜ ಈ ಟ್ರಾನ್ಸಿಸ್ಟರು ತಂದುಕೊಟ್ಟಳು. ಸರೋಜ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಇದ್ದಾಳೆ. ಅಲ್ಲಿ ಅವಳ ಕೆಲಸವೇ ರೇಡಿಯೋ ಒಳಗೆ ಕೂರುವ ಕಾಳಿನಷ್ಟು ಟ್ರಾನ್ಸಿಸ್ಟರುಗಳಿಗೆ ಕೂದಲಿಗಿಂತ ಸಣ್ಣ ತಂತಿ ಜೋಡಿಸುವುದು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು, ಉಸಿರು ಬಿಗಿಹಿಡಿದು. ಹುಡುಗಿಯಾಗಿದ್ದಾಗ ಕುದಿನೀರಿನಲ್ಲಿ ತೇಲುವ ಗೂಡಿನಿಂದ ನೂಲಿನ ತುದಿ ಹುಡುಕುತ್ತಿದ್ದ ಬೆರಳುಗಳು ಅವು. ಕೆಲಸಕ್ಕೆ ಸೇರುವಾಗ ಪರೀಕ್ಷೆಗೆಂದು ಸಣ್ಣ ತಂತಿ ಕೊಟ್ಟರಂತೆ. "ಇದು ದಪ್ಪ ಇದೆಯಲ್ಲ ಸಾರ್" ಅಂದಳಂತೆ!

ಟ್ರಾನ್ಸಿಸ್ಟರು ಬಂದ ಮೇಲೆ ಎಲ್ಲವೂ ಸರಿಹೋಗಬೇಕಿತ್ತು. ಹಾಡು ಬಂತು, ವಾರ್ತೆ ಬಂತು. ಹೆಂಗಸರು ಮಾತ್ರ ಬರಲಿಲ್ಲ. ಹಾಡು ಈಗ ಅವರವರ ಮನೆಯಲ್ಲೇ ಇತ್ತು. ಬಿಸಿಗೆ ಮತ್ತೆ ಅವರವರ ಕೆಂಡದ ಬಾಣಲಿ. ಈ ಚಳಿಗೆ ಹಾಳೆ ತಂದವಳು ಲಕ್ಷ್ಮಕ್ಕ ಒಬ್ಬಳೇ. ಹಳೆ ನಂಬಿಕೆ. ಆ ಹಾಳೆಯೇ ಈಗ ತಣ್ಣಗಿನ ಟ್ರಾನ್ಸಿಸ್ಟರಿನ ಮೇಲೆ, ದೊಡ್ಡಮ್ಮನ ಹಾಳೆಯ ಜೊತೆ ಮಲಗಿದ್ದದ್ದು.

"ಇವಳ ಮೊಟ್ಟೆ ಕೆಟ್ರೆ ಇನ್ನು ಈ ಹೊಸಿಲು ಯಾರು ತುಳೀತಾರಪ್ಪ?" ಎಂದರು ದೊಡ್ಡಮ್ಮ. ದನಿ ಸಣ್ಣದಾಗಿತ್ತು. ದೊಡ್ಡಮ್ಮನ ದನಿ ಸಣ್ಣದಾದದ್ದನ್ನು ನಾನು ಕೇಳಿದ್ದು ಅಪರೂಪ.

ಅಷ್ಟು ಹೊತ್ತಿಗೆ ಲಕ್ಷ್ಮಕ್ಕನೇ ಬಂದಳು. ಹಾಳೆ ಎತ್ತಿ ಬೆಳಕಿಗೆ ಹಿಡಿದಳು. "ಏಮಕ್ಕಾ, ಇನ್ನೂ ಕಪ್ಪಿಗೇ ತಿರುಗಿಲ್ವಲ್ಲ! ಇಷ್ಟೊತ್ತಿಗೆ ಒಳಗೆ ಹುಳ ಕಾಣಬೇಕಿತ್ತು. ನಿನ್ನ ರೇಡಿಯೋಗೆ ಏನಾಯ್ತು?"

"ಶೆಲ್ಲು ವೀಕಾಗೈತೋ ಏನೋ" ಎಂದು ದೊಡ್ಡಮ್ಮ ಮುಖ ತಿರುಗಿಸಿದರು.

ಹಬ್ಬಕ್ಕೆ ಬಂದಿದ್ದ ಸರೋಜ ಹಿತ್ತಲಿಂದ ಒಳಗೆ ಬಂದವಳೇ ಇದನ್ನು ನೋಡಿ ಹಣೆ ಹಣೆ ಚಚ್ಚಿಕೊಂಡಳು.

"ಅಯ್ಯೋ ಅಮ್ಮಾ! ಇದು ಬಿಸಿಯಾಗಲ್ಲ. ಬಿಸಿಯಾಗದೆ ಇರೋದೇ ಇದರ ಹೆಚ್ಚುಗಾರಿಕೆ. ವಾಲ್ವು ಕೆಂಪಗೆ ಕಾದ್ರೇನೇ ಕೆಲಸ ಮಾಡ್ತಿತ್ತು. ಇದಕ್ಕೆ ಬಿಸಿ ಅಂದ್ರೆ ಆಗಲ್ಲ. ನಮ್ಮ ಕೆಲಸದಲ್ಲಿ ಬಿಸಿಯೇ ಶತ್ರು."

"ಬಿಸಿ ಯಾರಿಗೇ ಶತ್ರು? ಬಾಣಂತಿಗಾ, ಹುಳಕ್ಕಾ?"

ಸರೋಜ ಕೂತು ವಿವರಿಸಿದಳು. ಯುದ್ಧದ ಕಾಲದಲ್ಲಿ ಪರದೇಶದವರು ಲೆಕ್ಕ ಮಾಡುವ ಒಂದು ಯಂತ್ರ ಕಟ್ಟಲು ಹೊರಟರಂತೆ. ಒಂದು ದೊಡ್ಡ ಹಜಾರದ ತುಂಬಾ ವಾಲ್ವುಗಳು, ಸಾವಿರಾರು. ಅವುಗಳ ಕಾವಿಗೆ ಕೋಣೆಯೇ ಒಲೆಯಾಗಿ, ತಣ್ಣಗಿಡಲು ದೊಡ್ಡ ದೊಡ್ಡ ಫ್ಯಾನು ಹಾಕಬೇಕಾಯಿತಂತೆ.

ದೊಡ್ಡಮ್ಮನ ಕಣ್ಣು ಅರಳಿತು. "ಅಯ್ಯೋ ಶಿವನೇ! ಆ ಹಜಾರದಲ್ಲಿ ಎಷ್ಟು ಮೊಟ್ಟೆ ಇಡಬಹುದಾಗಿತ್ತೇ!"

"ಮೇಲೂರಿಂದು, ನಮ್ಮ ತವರು ನಗರಗೆರೆದು, ಎಲ್ಲಾ ಇಡಬಹುದಿತ್ತು ಬಿಡಕ್ಕಾ" ಎಂದಳು ಲಕ್ಷ್ಮಕ್ಕ.

ಸರೋಜ ನಗು ತಡೆದು ಮುಂದುವರಿಸಿದಳು. ಆಮೇಲೆ ವಾಲ್ವಿನ ಬದಲು ಟ್ರಾನ್ಸಿಸ್ಟರು ಬಂತು, ತೊಗರಿ ಕಾಳಿನಷ್ಟು. ಈಗ ಅದೂ ಹಳೆಯದಾಗುತ್ತಿದೆಯಂತೆ. ಮರಳಿನಿಂದ ತೆಗೆದ ಸಿಲಿಕಾನಿನ ಒಂದು ಚೂರು, ಅದಕ್ಕೆ ಚಿಪ್ ಎನ್ನುತ್ತಾರಂತೆ, ಕಿರುಬೆರಳಿನ ಉಗುರಿನ ಮೇಲೆ ಕೂರುವಷ್ಟು. ಅದರೊಳಗೇ ಹತ್ತಾರು ಟ್ರಾನ್ಸಿಸ್ಟರು, ತಂತಿ, ಎಲ್ಲವನ್ನೂ ಒಟ್ಟಿಗೆ ಮಾಡಿಬಿಡುತ್ತಾರಂತೆ. ಚಂದ್ರನ ಕಡೆ ಹೋಗುವ ರಾಕೆಟ್ಟಿನಲ್ಲೂ ಅದೇ. "ನೋಡ್ತಾ ಇರಿ ಅಣ್ಣ, ಒಂದಿನ ಆ ದೊಡ್ಡ ಹಜಾರ ಇಡೀ ಒಂದು ಚಿಪ್ಪಲ್ಲಿ ಬರುತ್ತೆ. ಎಲ್ಲರ ಜೇಬಲ್ಲೂ ಒಂದೊಂದು ಇರುತ್ತೆ."

ಹೇಳುವಾಗ ಅವಳ ಮುಖ ನೋಡಬೇಕಿತ್ತು ನೀವು. ಮೇಲೂರಿನ ಹುಡುಗಿ ಚಂದ್ರನ ಮಾತಾಡುತ್ತಿದ್ದಾಳೆ!

"ಬರ್ಲಿ ಕಣಮ್ಮಾ" ಎಂದರು ದೊಡ್ಡಮ್ಮ. "ಜೇಬಿಗೊಂದು ಬಂದ್ರೆ ಒಬ್ಬರ ಮನೆಗೆ ಒಬ್ಬರು ಯಾಕೆ ಹೋಗ್ತಾರೆ?"

ಮೂಲೆಯಲ್ಲಿ ಕಸೂತಿಯ ಬಟ್ಟೆ ಹೊದ್ದು ಕೂತಿದ್ದ ಹಳೆಯ ರೇಡಿಯೋ ಕಡೆ ಸರೋಜ ನೋಡಿದಳು. ಎದ್ದಳು. "ಅಣ್ಣ, ಒಂದು ಕೈ ಹಿಡೀರಿ" ಎಂದಳು.

ಇಬ್ಬರೂ ಅದನ್ನು ನಡುಮನೆಗೆ ಇಳಿಸಿದೆವು. ಹಿಂದಿನ ರಟ್ಟು ಬಿಚ್ಚಿದಳು. ವಾಲ್ವುಗಳ ತಟ್ಟೆಯನ್ನು ಪೂರ್ತಿ ಹೊರಗೆ ತೆಗೆದು ಹುಷಾರಾಗಿ ಪಕ್ಕಕ್ಕಿಟ್ಟಳು. ಖಾಲಿಯಾದ ಪೆಟ್ಟಿಗೆಯಲ್ಲಿ ಒಂದು ಹೋಲ್ಡರು ಕಟ್ಟಿ, ಹುಳುಮನೆಯ ಸಣ್ಣ ಬಲ್ಬು ತಂದು ಹಾಕಿದಳು. ರಟ್ಟು ಮುಚ್ಚಿದಳು. ಸ್ವಿಚ್ಚು ಒತ್ತಿದಳು.

ಗಾಜಿನ ಪಟ್ಟಿ ಹಳದಿಯಾಯಿತು!

ಸ್ವಲ್ಪ ಹೊತ್ತಿಗೆ ಬಂತು ನೋಡಿ, ಅದೇ ವಾಸನೆ. ಕಾದ ಧೂಳು, ಕಾದ ಮರ. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡರು. ದೊಡ್ಡಪ್ಪ ಕೆಮ್ಮಿಕೊಂಡು ಇನ್ನೇನು ಒಳಗೆ ಬರುತ್ತಾರೆ ಎನ್ನುವ ಹಾಗೆ ಸೆರಗು ಸರಿಮಾಡಿಕೊಂಡರು. ಆಮೇಲೆ ಕೈ ತಾನಾಗಿಯೇ ಮುಂದೆ ಹೋಗಿ ಸ್ಟೇಷನ್ನು ಹುಡುಕುವ ಗುಂಡಿಯನ್ನು ತಿರುಗಿಸಿತು. ಏನೂ ಕೇಳಲಿಲ್ಲ. ಏನು ಕೇಳೀತು?

ಪಂಚೆ ಹಾಸಿ ಹಾಳೆಗಳನ್ನು ಇಟ್ಟರು. ಲಕ್ಷ್ಮಕ್ಕ ಅಂಗೈಯಿಟ್ಟು ನೋಡಿದಳು. "ಹಾ, ಇದೇ ಹದ" ಎಂದಳು.

ನಾನು ಹಬ್ಬ ಮುಗಿದರೂ ಉಳಿದೆ, ಸರೋಜಳೂ ಉಳಿದಳು. (ಆಫೀಸಿಗೆ ಏನು ಹೇಳಿದೆ ಅಂತ ಕೇಳಬೇಡಿ. "ಮೊಟ್ಟೆ ಒಡೆಯುವುದನ್ನು ಕಾಯುತ್ತಿದ್ದೇನೆ" ಎಂದರೆ ಯಾರು ನಂಬುತ್ತಾರೆ?) ಚುಕ್ಕಿಗಳು ಬೂದಿಬಣ್ಣವಾದವು, ಆಮೇಲೆ ಕಪ್ಪಾದವು. ಒಂದು ಬೆಳಿಗ್ಗೆ, ಬಿಸಿಲು ಕಿಟಕಿಗೆ ಬರುವ ಹೊತ್ತಿಗೆ, ಲಕ್ಷ್ಮಕ್ಕನ ಕೂಗು ಬೀದಿಗೆಲ್ಲ ಕೇಳಿಸಿತು. ಎರಡೂ ಹಾಳೆಗಳ ಮೇಲೆ ಕಪ್ಪು ಎಳ್ಳಿಗೆ ಜೀವ ಬಂದಿತ್ತು. ಹಿಂದುಮುಂದಿಲ್ಲ. ಎಲ್ಲವೂ ಒಟ್ಟಿಗೆ.

ಸಂಜೆಗೆ ಎದುರುಮನೆಯವರು ಬಂದರು, ಸೆರಗಿನಡಿ ತಮ್ಮ ಹಾಳೆ ಹಿಡಿದು. ಹಿಂದಿನ ಬೀದಿಯವರು ಬಂದರು, ಮೊರದ ತುಂಬ ಅವರೆಕಾಯಿಯ ಜೊತೆ. ಟ್ರಾನ್ಸಿಸ್ಟರನ್ನು ಪಕ್ಕದ ಸ್ಟೂಲಿನ ಮೇಲಿಟ್ಟರು. ಅದು ಹಾಡುತ್ತಿತ್ತು. ಆದರೆ ಎಲ್ಲರೂ ಮುಖ ಮಾಡಿ ಕೂತದ್ದು ಮಾತು ಬಾರದ ಆ ದೊಡ್ಡ ಪೆಟ್ಟಿಗೆಯ ಕಡೆಗೆ. ಅದೇ ಹಾಡುತ್ತಿದೆ ಎನ್ನುವ ಹಾಗೆ.

ಮರುದಿನ ಸರೋಜ ಹೊರಟಳು. ಚಪ್ಪಲಿ ಹಾಕಿಕೊಂಡಿದ್ದವಳ ಕೈ ಹಿಡಿದ ದೊಡ್ಡಮ್ಮ, "ಇದೇನೇ ಇಷ್ಟು ತಣ್ಣಗೈತೆ?" ಎಂದರು.

"ಫ್ಯಾಕ್ಟರೀಲಿ ನಮ್ಮ ರೂಮು ಯಾವಾಗ್ಲೂ ತಣ್ಣಗೇ ಇಡ್ತಾರಮ್ಮ. ಅಭ್ಯಾಸ ಆಗೋಗಿದೆ."

"ಬಾ ಇಲ್ಲಿ" ಎಂದು ಒಳಗೆ ಕರೆದುಕೊಂಡು ಹೋಗಿ, ಮಗಳ ಎರಡೂ ಕೈಗಳನ್ನು ರೇಡಿಯೋ ಪಕ್ಕೆಯ ಮೇಲೆ, ಪಾಲಿಶ್ ಸವೆದ ಆ ಜಾಗದಲ್ಲೇ ಇಟ್ಟರು. ಮೇಲೆ ತಮ್ಮ ಕೈಗಳನ್ನು ಇಟ್ಟರು. "ಒಂದು ಗಳಿಗೆ ಇಟ್ಕೋ. ರೈಲು ನಿಧಾನಕ್ಕೇ ಬರ್ತೈತೆ."

ಸರೋಜ ಹೇಳುವ ಉಗುರಿನಷ್ಟು ಚಿಪ್ ಬರಲಿ, ಅವಳ ಕೈಯಿಂದಲೇ ಬರಲಿ; ಆದರೆ ಅದರ ಮೇಲೆ ಇಷ್ಟು ಕೈಗಳನ್ನು ಎಲ್ಲಿ ಇಡುವುದು?