ಚಪ್ಪಟೆ ಕಲ್ಲಿನ ಕಾವಲು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಇಳಿತದ ಸಮುದ್ರ ಬಂಡೆಗಳನ್ನು ಬಿಟ್ಟು ದೂರ ಸರಿದಿದೆ. ಹಿಂದೆ ಉಳಿದ ಹೊಂಡಗಳಲ್ಲಿ ಆಕಾಶ ಸದ್ದಿಲ್ಲದೆ ಬಿಳುಪಾಗುತ್ತಿದೆ. ಪ್ಯಾಂಟನ್ನು ಮೊಣಕಾಲವರೆಗೆ ಮಡಚಿದ ಹೆಂಗಸೊಬ್ಬರು, ನಿನ್ನೆ ಬಂದವರು ಮಗುಚಿಟ್ಟು ಹೋದ ಕಲ್ಲೊಂದನ್ನು ನಿದ್ದೆಯಲ್ಲಿರುವ ಮಗುವಿನ ಮಗ್ಗುಲು ಬದಲಿಸುವಂತೆ ತಿರುಗಿಸಿಡುತ್ತಾರೆ. ಬಯಲಿಗೆ ಬಿದ್ದಿದ್ದ ನಕ್ಷತ್ರಮೀನು ಮತ್ತೆ ನೆರಳು ಸೇರುತ್ತದೆ.

ದಡದ ಕಸ ಎತ್ತುವುದಷ್ಟೇ ಇವರ ಕೆಲಸ. ಕಲ್ಲು ಸರಿಪಡಿಸಲು ಯಾರೂ ಹೇಳಿಲ್ಲ. ಆದರೂ ಊರವರ ಬಾಯಲ್ಲಿ ಇವರ ಹೆಸರು ‘ಕಲ್ಲಕ್ಕ’ ಅಂತಲೇ ನಿಂತುಬಿಟ್ಟಿದೆ. “ನೋಡ್ಲಿ ಪಾಪ, ನೋಡೋಕೇ ತಾನೇ ಬರೋದು? ನೋಡಿದ್ಮೇಲೆ ಇದ್ದ ಹಾಗೇ ಇಟ್ಟು ಹೋದ್ರೆ ಅವರ ಗಂಟೇನು ಹೋಗುತ್ತೆ?” ಎನ್ನುತ್ತಾರೆ ಕಲ್ಲಕ್ಕ.

ಈ ರಜೆಯಲ್ಲಿ ಕಲ್ಲಕ್ಕನಿಗೆ ನಿದ್ದೆ ಹತ್ತುತ್ತಿಲ್ಲ. ದೊಡ್ಡ ಹೊಂಡದ ಅಂಚಿನ ಚಪ್ಪಟೆ ಕಲ್ಲಿನಡಿ ಆಕ್ಟೋಪಸ್ ಒಂದು ಮೊಟ್ಟೆಯಿಟ್ಟಿದೆ. ಪಕ್ಕದ ಸಂದಿಯಲ್ಲಿ ಇಣುಕಿದರೆ ಅಕ್ಕಿಕಾಳಿನಂಥ ಮೊಟ್ಟೆಗಳು ಗೊಂಚಲು ಗೊಂಚಲಾಗಿ ಜೋತುಬಿದ್ದಿರುವುದು ಕಾಣುತ್ತದೆ. ತಾಯಿ ಊಟ ಬಿಟ್ಟು, ಅವುಗಳ ಮೇಲೆ ನೀರು ಊದುತ್ತ ಕೂತಿದೆ. ಯಾರಾದರೂ ಕಲ್ಲೆತ್ತಿದರೆ ಮುಗಿಯಿತು. ತಾಯಿ ಬೆದರಿ ಓಡುತ್ತದೆ, ಮೊಟ್ಟೆ ಏಡಿಗಳ ಪಾಲಾಗುತ್ತದೆ. ಬೋರ್ಡು ಹಾಕೋಣವೆಂದರೆ, ಬೋರ್ಡು ಕಂಡಲ್ಲೇ ಅಲ್ಲವೇ ಜನ ಮೊದಲು ಕೈಹಾಕುವುದು! ಹಾಗಾಗಿ ಕಸ ಎತ್ತಿದ ಮೇಲೆ ಕಲ್ಲಕ್ಕ ಬಂದು ಆ ಕಲ್ಲಿನ ಮೇಲೇ ಕೂರುತ್ತಾರೆ. ನೀರು ಏರಿ ಜನ ಹೊರಡುವ ತನಕ ಏಳುವುದಿಲ್ಲ.

ಊಟದ ಡಬ್ಬಿ ತರುವುದು ಗಂಡ, ನಿವೃತ್ತ ಬಸ್ ಕಂಡಕ್ಟರ್. “ಏನೇ, ನೀನೂ ಕಾವು ಕೂತ್ಬಿಟ್ಯಾ?” ಎಂದು ರೇಗಿಸುತ್ತಾರೆ. ಯಾರಾದರೂ ಹತ್ತಿರ ಸುಳಿದರೆ ಹಳೆಯ ಗಂಟಲು ತಾನಾಗಿ ಏಳುತ್ತದೆ: “ಮುಂದೆ ಹೋಗಿ, ಮುಂದೆ ಹೋಗಿ! ಮುಂದೆ ಜಾಗ ಖಾಲಿ ಇದೆ!”

ಮೊನ್ನೆ ಎಡವಟ್ಟಾಗಿದ್ದೂ ಅವರಿಂದಲೇ. ತಾಯಿ ಹಸಿದಿರಬಾರದೆಂದು ಮರುಕಪಟ್ಟು, ಡಬ್ಬಿಯ ಮೀನಿನ ತುಂಡೊಂದನ್ನು ಸಂದಿಗೆ ಹಾಕಿಬಿಟ್ಟರು. ವಾಸನೆಗೆ ಏಡಿಗಳು ಸಾಲುಗಟ್ಟಿದವು. “ಅಯ್ಯೋ, ನಿಮ್ಮ ಬುದ್ಧಿಗಿಷ್ಟು! ಕಳ್ಳರಿಗೆ ಕರೆದು ಬಾಗಿಲು ತೋರಿಸಿದ ಹಾಗಾಯ್ತಲ್ರೀ!” ಎನ್ನುತ್ತ ಕಲ್ಲಕ್ಕ ತುಂಡನ್ನು ತೆಗೆದೆಸೆದು, ಏಡಿಗಳನ್ನು ಹಿಡಿಹಿಡಿದು ಬಕೆಟ್ಟಿಗೆ ಹಾಕಿದರು. ಒಂದು ಏಡಿ ಅವರ ಬೆರಳು ಕಚ್ಚಿಯೇಬಿಟ್ಟಿತು. ಆಗ ಸಂದಿಯಿಂದ ಆಕ್ಟೋಪಸ್ಸಿನ ತೋಳೊಂದು ಮೆಲ್ಲಗೆ ಹೊರಬಂದು, ಆ ಬೆರಳನ್ನು ಮುಟ್ಟಿ ನೋಡಿ, ಒಳಗೆ ಹೋಯಿತಂತೆ. “ಇವಳ್ಯಾರಪ್ಪ ಅಂತ ವಿಚಾರಿಸಿದ್ದು, ಅಷ್ಟೇ. ಥ್ಯಾಂಕ್ಸ್ ಗೀಂಕ್ಸ್ ಏನಿಲ್ಲ” ಎಂದು ಕಲ್ಲಕ್ಕ ನಗುತ್ತಾರೆ.

ಇವತ್ತು ಆ ಮಾತು ಮುಗಿಯುವಷ್ಟರಲ್ಲಿ ಕಲ್ಲಕ್ಕ ನೀರಿನತ್ತ ಬಗ್ಗುತ್ತಾರೆ. ಸಂದಿಯಿಂದ ಏನೋ ಹೊಗೆಯಂತೆ ಏಳುತ್ತಿದೆ. ಗಾಜಿನಷ್ಟು ತೆಳ್ಳಗಿನ ಮರಿಗಳು, ಒಂದೊಂದಕ್ಕೂ ಎರಡು ಕಪ್ಪು ಚುಕ್ಕಿಯ ಕಣ್ಣು. ಏರತೊಡಗಿದ ನೀರು ಅವನ್ನು ಹೊಂಡದಿಂದ ಎತ್ತಿಕೊಂಡು ಸಮುದ್ರಕ್ಕೆ ಒಯ್ಯುತ್ತದೆ. ಗಂಡ ಹೆಂಡತಿ ಇಬ್ಬರೂ ಉಸಿರು ಬಿಗಿಹಿಡಿದು ನೋಡುತ್ತಾರೆ. ಖುಷಿಗೆ ಕಲ್ಲಕ್ಕನ ಕಣ್ಣು ತುಂಬಿ ಬರುತ್ತದೆ.

ಕೊನೆಗೆ ತಾಯಿ ಸಂದಿಯ ಬಾಯಿಗೆ ಬಂದು ಒರಗುತ್ತದೆ. ಬಣ್ಣವೆಲ್ಲ ಬಿಟ್ಟು ಬೆಳ್ಳಗಾಗಿದೆ. ಮರಿ ಹೊರಬಂದ ಮೇಲೆ ಈ ಜೀವ ಹೆಚ್ಚು ದಿನ ಬಾಳುವುದಿಲ್ಲ.

“ನಿನ್ನ ಕೆಲಸ ಮುಗೀತಲ್ಲ. ನಾಳೆಯಿಂದ ಮನೇಲಿ ಕೂತು ಉಣ್ಣಬಹುದು” ಎನ್ನುತ್ತಾರೆ ಗಂಡ.

ಕಲ್ಲಕ್ಕ ಇಲ್ಲವೆಂದು ತಲೆಯಾಡಿಸುತ್ತಾರೆ. “ಮಕ್ಕಳಿಗೋಸ್ಕರ ಕೂತಿದ್ದಾಯ್ತು. ನಾಳೆನೂ ಜನ ಬರ್ತಾರಲ್ರೀ, ಯಾರಾದ್ರೂ ಕೋಲಲ್ಲಿ ತಿವೀತಾರೆ. ಅವಳು ಹೋಗೋ ತನಕ ಅವಳಿಗೋಸ್ಕರ ಕೂತಿರ್ತೀನಿ.”