ಬರಿಗೈಲಿ ನಡೆದ ಹಾದಿ

ಮೊಮ್ಮಕ್ಕಳೇ, ಮೊನ್ನೆ ನೀವು ವಾಕಿಂಗಿಗೆ ಕರೆದಾಗ ನಾನು ಚೀಲ ಹುಡುಕಿದ್ದಕ್ಕೆ ನಕ್ಕಿರಿ. ಎದುರಿಗೆ ಹೇಳಲು ನನಗೆ ಸಂಕೋಚ. ಬರೆದು ಕೊಡುತ್ತೇನೆ.

ಎಪ್ಪತ್ತರ ದಶಕದಲ್ಲಿ ನಾನು ಸವದತ್ತಿ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದೆ. ಹೊಲಕ್ಕೆ, ಬಾವಿಗೆ, ತವರಿಗೆ ಬಿಟ್ಟರೆ ಹೆಂಗಸಿಗೆ ಬೇರೆ ಹಾದಿ ಇರಲಿಲ್ಲ. ಕೈಯಲ್ಲಿ ಕೊಡವೋ ಬುತ್ತಿಯೋ ಇರಲೇಬೇಕು. ಬರಿಗೈಲಿ ಹೊರಟವಳು ಗಂಡನ ಮನೆಯಲ್ಲಿ ಜಗಳಾಡಿ ಹೊರಟವಳೆಂದೇ ಲೆಕ್ಕ.

ಆಗ ಧಾರವಾಡದಲ್ಲಿ ಕನ್ನಡ ಕಲಿಯುತ್ತಿದ್ದ ಇಂಗ್ಲೆಂಡಿನ ಹುಡುಗಿಯೊಬ್ಬಳು ಹಳ್ಳಿಯ ಮಾತು ಕೇಳಲೆಂದು ನಮ್ಮ ಮನೆಯಲ್ಲಿ ಬಂದು ಉಳಿದಿದ್ದಳು. ಅವಳ ದೇಶದಲ್ಲಿ ಹೊಲ ಒಬ್ಬರದಾದರೂ ಅದರೊಳಗಿನ ಕಾಲುದಾರಿ ಎಲ್ಲರದಂತೆ. ರಜೆಯಲ್ಲಿ ಜನ ದಿನವಿಡೀ ನಡೆದು, ಸಂಜೆಗೆ ಹೊರಟಲ್ಲಿಗೇ ಬರುತ್ತಾರಂತೆ.

“ಹೊಳ್ಳಿ ಅಲ್ಲಿಗೇ ಬರೂದಿತ್ತಂದ್ರ ಹೋಗೂದ್ಯಾಕವಾ? ಎಮ್ಮಿ ಏನರೆ ಕಳದಿತ್ತೇನು?” ಎಂದರು ಅತ್ತೆ.

ಅಂದಿನಿಂದ ಒಲೆ ಮುಂದೆ ಕೂತರೂ ನನ್ನ ಕಾಲು ಸುಮ್ಮನಿರಲಿಲ್ಲ. ಬಾವಿಯಾಚೆ ಹಾದಿ ದಿಬ್ಬ ಹತ್ತುತ್ತಿತ್ತು. ಆ ಕಡೆ ನಮಗೆ ಹೊಲವಿಲ್ಲದ್ದರಿಂದ ನಾನು ಅದನ್ನು ಹತ್ತಿರಲಿಲ್ಲ. ಒಂದು ಮಧ್ಯಾಹ್ನ ಆ ಹುಡುಗಿ ಬಾ ಅಂದಳು. ಇದ್ದ ಹಾಗೇ ಹೊರಟುಬಿಟ್ಟೆ.

ಬಸ್ಸಿನ ರಸ್ತೆಗೆ ಹಾದಿ ಕವಲೊಡೆಯುವಲ್ಲಿ ನಮ್ಮವರ ದೊಡ್ಡಪ್ಪ ಎದುರಾದರು. “ಯಾಕವಾ ತಂಗಿ, ಬರೇಗೈಲೆ ಹೊಂಟಿ? ಮನ್ಯಾಗ ಏನರೆ ಆತೇನು?”

ಹಿರಿಯರೆದುರು ನಾನು ಸೆರಗು ಎಳೆದುಕೊಂಡೆ. ಸುಮ್ಮನೆ ಹೊರಟಿದ್ದೇವೆ ಎಂದು ಹುಡುಗಿಯೇ ಹೇಳಿದಳು. ಅದನ್ನು ಕೇಳಿ ಅವರು ಇನ್ನೂ ಗಾಬರಿಯಾಗಿ ಊರ ಕಡೆ ದಾಪುಗಾಲು ಹಾಕಿದರು.

ದಿಬ್ಬದ ಮೇಲಿಂದ ಮಲಪ್ರಭೆಯ ಹೊಸ ಅಣೆಕಟ್ಟಿನ ನೀರು ಕಂಡಿತು, ಕಣ್ಣು ಹಾಯುವಷ್ಟು ದೂರ. ದಡದ ತನಕ ಓಡಬೇಕೆನಿಸಿತು. ಆದರೆ ದೊಡ್ಡಪ್ಪನವರ ಪ್ರಶ್ನೆ ಬೆನ್ನು ಹತ್ತಿತ್ತು. ಓಡಿದ್ದು ಮನೆಗೆ.

ಕಟ್ಟೆಯ ಮೇಲೆ ಜನ ಸೇರಿದ್ದರು. ನಿಮ್ಮ ಅಜ್ಜ ನನ್ನನ್ನು ಹುಡುಕಲು ಸೈಕಲ್ ಹೊರಗೆ ತೆಗೆದಿದ್ದರು, ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದರು. ನನ್ನನ್ನು ಕಂಡು ಸೈಕಲ್ಲನ್ನು ಮತ್ತೆ ಗೋಡೆಗೆ ಒರಗಿಸಿದರು.

ಅತ್ತೆ ಜನರತ್ತ ತಿರುಗಿದರು. “ನನ್ನ ಸೊಸಿ ಮೇವು ನೋಡಾಕ ಹೋಗಿದ್ಲು. ನಿಮಗ್ಯಾಕ?”

ಒಳಗೆ ಬಂದವರೇ ನನ್ನ ಕೈಗೆ ಕುಡಗೋಲು ಕೊಟ್ಟರು. “ನಾಳಿಂದ ಇದು ಕೈಯಾಗಿರಲಿ. ಯಾರೂ ಕೇಳಂಗಿಲ್ಲ.” ದನಿ ತಗ್ಗಿಸಿ ಕೇಳಿದರು: “ದಿಬ್ಬದ ಆಕಡೆ ಏನೈತಿ?”

“ನೀರು ಬಂದೈತ್ರಿ ಅತ್ತಿ.”

ಮರುವಾರ ಅವರೂ ಬುಟ್ಟಿ ಹಿಡಿದು ನನ್ನ ಜೊತೆ ದಿಬ್ಬಕ್ಕೆ ಬಂದರು. ಹುಲ್ಲು ಕೊಯ್ದದ್ದು ಒಂದು ಹಿಡಿ, ನೀರು ನೋಡುತ್ತ ಕೂತದ್ದೇ ಬಹಳ ಹೊತ್ತು. ಆ ದಡಕ್ಕೆ ನಾನಿನ್ನೂ ಹೋಗಿಲ್ಲ, ಕಾಲಿಗೆ ಈಗಲೂ ಸಮಾಧಾನವಿಲ್ಲ. ಅತ್ತೆ ಅಲ್ಲಿ ಕೂತಿದ್ದು ನನಗೊಬ್ಬಳಿಗೇ ಗೊತ್ತು. ಈ ಹಾಳೆ ಕಳೆಯಬೇಡಿ.