ಕಾಲೇಬನ ಅಪ್ಪ ಯಾರು

ನನ್ನ ಅಪ್ಪನಿಗೆ ತನ್ನ ಅಪ್ಪ ಯಾರೆಂದು ಗೊತ್ತಿರಲಿಲ್ಲ. ಮಾನ್ವಿಯಲ್ಲಿ ಸಂತೆ ಮುಗಿದ ಮೇಲೆ ಕೊಳೆತ ತರಕಾರಿಯ ರಾಶಿಯ ಪಕ್ಕ ಅಳುತ್ತ ಕೂತಿದ್ದ ಕೂಸನ್ನು ಒಬ್ಬ ಒಂಟಿ ನರ್ಸಮ್ಮ ಮನೆಗೆ ಒಯ್ದು ಸಾಕಿದಳು. ಚರ್ಚಿಗೆ ಕರೆದುಕೊಂಡು ಹೋದಳು, ಓದಿಸಿದಳು, ಮಾಸ್ತರನನ್ನಾಗಿ ಮಾಡಿದಳು. ಅವನ ವಂಶಾವಳಿ ಅಷ್ಟೇ.

ನಿವೃತ್ತನಾಗಿ ರಾಯಚೂರಿನ ನನ್ನ ಮನೆಗೆ ಬಂದ ಮೇಲೆ ಅವನಿಗೆ ಬೈಬಲಿನ ಕಾಲೇಬನ ಹುಚ್ಚು ಹಿಡಿಯಿತು. ಮೋಶೆ ಕಳಿಸಿದ ಗೂಢಚಾರರಲ್ಲಿ ಧೈರ್ಯದ ಮಾತಾಡಿದವನು, ಮುಪ್ಪಿನಲ್ಲಿ ಬೆಟ್ಟದ ಸೀಮೆಯನ್ನು ಕೇಳಿ ಪಡೆದವನು ಎಂದಷ್ಟೇ ನಾವು ಕಾಲೇಬನ ಬಗ್ಗೆ ಕೇಳಿದ್ದೆವು. ಅಪ್ಪನಿಗೆ ಅವನ ಹುಟ್ಟು ಬೇಕಾಗಿತ್ತು. ಒಂದು ಕಡೆ ಅವನು ಕೆನಿಜ್ಜೀಯನಾದ ಯೆಫುನ್ನೆಯ ಮಗ. ಕೆನಿಜ್ಜೀಯರೋ, ಇಸ್ರಾಯೇಲರು ಬರುವ ಮೊದಲೇ ಆ ನೆಲದಲ್ಲಿದ್ದ ಪರಜನ. ಬೈಬಲಿನದೇ ಇನ್ನೊಂದು ಪುಸ್ತಕ ಪೂರ್ವಕಾಲವೃತ್ತಾಂತಕ್ಕೆ ಬಂದರೆ ಕಾಲೇಬ ಇಸ್ರಾಯೇಲರದೇ ಯೆಹೂದ ಕುಲದ ಹೆಚ್ರೋನನ ಮಗ. ಇಬ್ಬರು ಬೇರೆ ಬೇರೆ ಕಾಲೇಬರು ಎನ್ನೋಣವೆಂದರೆ, ಮಗಳ ಹೆಸರು ಎರಡೂ ಕಡೆ ಒಂದೇ.

“ಹೊರಗಿನಾಂವ ಇದ್ದ. ದೊಡ್ಡಾಂವ ಆದ ಮ್ಯಾಲ ನಮ್ಮಾಂವ ಅಂದಾರ,” ಎಂದು ಅಪ್ಪ ಚಹಾ ಕುಡಿಯುತ್ತ ಹೇಳುವಾಗ ಅವನ ಮುಖ ನೋಡಬೇಕಿತ್ತು. ತನ್ನ ಬಳಗವೇ ಸಿಕ್ಕಿದಷ್ಟು ಸಂತೋಷ.

ಆಗಲೇ ನನ್ನ ತಂಗಿಗೆ ದೇವದುರ್ಗದಿಂದ ಸಂಬಂಧ ಬಂತು. ತಂಗಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಹುಡುಗನ ತಂದೆ ಅಲ್ಲಿನ ಚರ್ಚಿನ ಸಭೆಯ ಹಿರಿಯ. ನೋಡುವುದು, ಒಪ್ಪುವುದು ಎಲ್ಲ ಮುಗಿದ ಮೇಲೆ ಅವರು ಅಪ್ಪನನ್ನು ಒಂದು ಭಾನುವಾರ ಪ್ರಸಂಗಕ್ಕೆ ಕರೆದರು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬಸ್ಸಿನುದ್ದಕ್ಕೂ ತುಟಿ ಅಲ್ಲಾಡಿಸುತ್ತ ನನ್ನ ಜೊತೆ ಬಂದ. ಚೆನ್ನಾಗಿಯೇ ಮಾತಾಡಿದ. ಕಾಲೇಬನ ಎರಡು ಹುಟ್ಟನ್ನೂ ಬಿಡಿಸಿಟ್ಟು, ಮನುಷ್ಯ ಯಾರ ಜೊತೆ ನಡೆಯುತ್ತಾನೋ ಅವರವನಾಗುತ್ತಾನೆ ಎಂದ.

ಪ್ರಾರ್ಥನೆ ಮುಗಿಯುವ ಮೊದಲು ಹುಡುಗನ ತಂದೆ ಎದ್ದು ನಿಂತರು.

“ಚೊಲೋ ಹೇಳಿದ್ರಿ ಮಾಸ್ತರ್ರ. ಕಾಲೇಬನ ಖಾನದಾನ ಹುಡುಕಿ ತಂದ್ರಿ. ಈಗ ನಿಮ್ಮದೊಂದು ಹೇಳ್ರಿ. ನಿಮ್ಮ ತಂದಿಯವರು ಯಾವೂರವರು?”

ಅವರ ಕಿವಿಗೆ ಏನೋ ಬಿದ್ದಿತ್ತು. ಅಪ್ಪ ಸಂತೆಯಿಂದ ನರ್ಸಮ್ಮನವರೆಗೆ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟ.

“ನಮ್ಮ ಮನಿ ನಾಲ್ಕು ತಲಿಯಿಂದ ಈ ಸಭಾದಾಗ ಅದ,” ಎಂದರು ಅವರು. “ಸೊಸಿ ಯಾರ ಮೊಮ್ಮಗಳು ಅಂತ ಕೇಳಿದವರಿಗೆ ಸಂತಿ ಮೊಮ್ಮಗಳು ಅನ್ನಲೇನ್ರಿ?”

ಬೆಂಚುಗಳಲ್ಲಿ ನಗೆ ಎದ್ದಿತು. ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನಗೆ ಇಳಿಯುವವರೆಗೆ ಕಾದು ಅವರು ಮತ್ತೆ ಕೇಳಿದರು:

“ಬೈಬಲ್ ಬರೆದ ಇಬ್ರಿಯರ ಮಾತಿನ್ಯಾಗ ಕಾಲೇಬ ಅಂದ್ರ ನಾಯಿ ಅಂತ ಅರ್ಥ ಬರ್ತದಂತ. ಅದು ಗೊತ್ತದ ಏನ್ರಿ?”

“ಗೊತ್ತದರಿ,” ಎಂದ ಅಪ್ಪ.

ಅವತ್ತು ಅವರ ಮನೆಯಲ್ಲೇ ಊಟ ಎಂದು ಮೊದಲೇ ಹೇಳಿದ್ದರು. ಯಾರೂ ಕರೆಯಲಿಲ್ಲ. ಬಸ್‌ ಸ್ಟ್ಯಾಂಡಿನಲ್ಲಿ ಮಂಡಾಳ ಒಗ್ಗರಣಿ ತಿಂದು ಊರಿಗೆ ಬಂದೆವು.

ಮನೆಯಲ್ಲಿ ತಂಗಿಗೆ ಫೋನಿನಲ್ಲೇ ಎಲ್ಲ ತಿಳಿದಿತ್ತು. ಅಪ್ಪ ಇನ್ನೂ ಚಪ್ಪಲಿ ಬಿಡುತ್ತಿದ್ದ.

“ನಿನ್ನ ಪುರಾಣ ಯಾರು ಕೇಳಿದ್ರು? ಸತ್ತು ಹೋದ್ರು ಅಂದಿದ್ರ ಮುಗೀತಿತ್ತು. ಹಡೆದಾಕಿಗೇ ಬ್ಯಾಡಾದಾಂವ ನೀ. ನನ್ನನ್ನೂ ಅದೇ ಕಸದಾಗ ಒಗದಿ.”

“ಹೌದವ್ವಾ,” ಎಂದು ಅಪ್ಪ ಒಳಗೆ ಹೋದ. ಅಮ್ಮ ಇದ್ದಿದ್ದರೆ ಅವಳ ಕೆನ್ನೆಗೆ ಹೊಡೆಯುತ್ತಿದ್ದಳೇನೋ. ಅಮ್ಮ ಸತ್ತು ಬಹಳ ಕಾಲವಾಗಿತ್ತು.

ಮರುವರ್ಷ ಸಿರವಾರದ ಸಂಬಂಧ ಗೊತ್ತಾಯಿತು. ಈ ಸಲ ತಂಗಿಯೇ ಮುಂದೆ ನಿಂತು ಎಲ್ಲ ಮಾತಾಡಿದಳು, ಲಗ್ನಪತ್ರಿಕೆಯನ್ನೂ ಅವಳೇ ಅಚ್ಚು ಹಾಕಿಸಿದಳು. ಅದರಲ್ಲಿ ಅಪ್ಪ ಗಬ್ಬೂರಿನ ಚರ್ಚಿನ ಒಬ್ಬ ದಿವಂಗತ ಉಪದೇಶಿಯ ಮಗನಾಗಿದ್ದ. ಆ ಹೆಸರನ್ನು ನಾವು ಯಾರೂ ಕೇಳಿರಲಿಲ್ಲ.

ಅಪ್ಪ ಕನ್ನಡಕ ಒರೆಸಿಕೊಂಡು ಓದಿದ. “ಇವರು ಯಾರವ್ವಾ?”

“ನಿಮ್ಮಪ್ಪ. ಯಾರರ ಕೇಳಿದ್ರ ಕಾಲರಾದಾಗ ಸತ್ರು ಅನ್ನು. ಅಷ್ಟರ ಹೇಳಾಕ ಬರ್ತದಲ್ಲ?”

ಸಿರವಾರದ ಮದುವೆಯಲ್ಲಿ ಬೀಗರು ಒಬ್ಬೊಬ್ಬರಾಗಿ ಅವನ ತಂದೆಯ ಬಗ್ಗೆ ಕೇಳಿದರು. ಕೇಳಿದವರಿಗೆಲ್ಲ ಅಪ್ಪ ಕಾಲರಾ ಎಂದ. ಊಟಕ್ಕೆ ಕೂತಾಗ ಅವನ ಪಕ್ಕದಲ್ಲಿದ್ದ ವರನ ಕಡೆಯ ಮುದುಕರೊಬ್ಬರು ರುಮಾಲು ಸರಿಮಾಡಿಕೊಂಡು ತಿರುಗಿದರು.

“ಗಬ್ಬೂರಿನ ಉಪದೇಶಿಗಳೇನ್ರಿ? ನಾ ನೋಡೀನಲ್ರಿ! ಎತ್ತರದ ಆಳು. ಸೈಕಲ್ ಮ್ಯಾಲ ಬರ್ತಿದ್ರು. ನಿಮ್ಮ ಮುಖಾ ಥೇಟ್ ಅವರದ.”

ಅಪ್ಪನ ತುತ್ತು ಕೈಯಲ್ಲೇ ಉಳಿಯಿತು. ಗಂಡನ ಜೊತೆ ಪಂಕ್ತಿಯ ಮುಂದೆ ಬಂದಿದ್ದ ತಂಗಿ ಇದನ್ನು ಕೇಳಿ, ನಗುಮುಖದಲ್ಲೇ ಕಣ್ಣು ದೊಡ್ಡದು ಮಾಡಿದಳು.

“ಹೌದ್ರಿ,” ಎಂದ ಅಪ್ಪ. “ನಮ್ಮಪ್ಪ.”

ಆ ಮಾತನ್ನು ಅವನ ಬಾಯಿಂದ ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಮುದುಕರು ಇನ್ನೂ ಏನೇನೋ ನೆನಪು ಮಾಡಿಕೊಂಡು ಹೇಳಿದರು. ಅಪ್ಪ ಅನ್ನ ಕಲಸುತ್ತ ಕೂತ, ಉಣ್ಣಲಿಲ್ಲ.

ರಾಯಚೂರಿಗೆ ವಾಪಸು ಬರುವಾಗ ಬಸ್ಸಿನಲ್ಲಿ, “ಎತ್ತರ ಇದ್ದನಂತ,” ಎಂದ.

“ಅಪ್ಪಾ, ಅಂಥಾ ಮನುಷ್ಯಾನ ಇದ್ದಿಲ್ಲ. ಆ ಹೆಸರು ಆಕಿ ಕಟ್ಟಿದ್ದು.”

“ನನಗ ಗೊತ್ತಿಲ್ಲೇನು?” ಎಂದು ಕಿಟಕಿಯ ಕಡೆ ಮುಖ ತಿರುಗಿಸಿದ.

ಮುಂದಿನ ವಾರ ಯಾರಿಗೂ ಹೇಳದೆ ಗಬ್ಬೂರಿಗೆ ಹೋಗಿಬಿಟ್ಟ. ಸಂಜೆ ಬಂದಾಗ ಬಿಸಿಲಿಗೆ ಮುಖ ಕಪ್ಪಾಗಿತ್ತು, ತುಟಿ ಒಡೆದಿದ್ದವು. ಯಾರನ್ನು ಭೇಟಿಯಾದೆ ಎಂದು ಕೇಳಿದೆ.

“ಯಾರನ್ನ ಕೇಳ್ಲಿ, ಏನಂತ ಕೇಳ್ಲಿ? ಬಸ್‌ ಸ್ಟ್ಯಾಂಡಿನ್ಯಾಗ ಕುಂತಿದ್ದೆ. ಹೋಗೋ ಬರೋ ಮಂದಿ ಮುಖಾ ನೋಡ್ಕೋಂತ.”

ಅವನು ಅಲ್ಲಿ ಕೂತಿದ್ದನ್ನು ಯಾರೋ ತಂಗಿಗೆ ಹೇಳಿದ್ದರು. ಮರುದಿನ ಬೆಳಿಗ್ಗೆಯೇ ಅವಳ ಫೋನ್ ಬಂತು. ಗಂಡನ ಮನೆಯವರಿಗೆ ಅನುಮಾನ ಬಂದರೆ ಏನು ಗತಿ, ಅವನನ್ನು ಇನ್ನು ಮನೆ ಬಿಟ್ಟು ಕಳಿಸಬೇಡ ಎಂದಳು. ಅಪ್ಪ ಎದುರಿಗೇ ಕೂತು ಕೇಳಿಸಿಕೊಳ್ಳುತ್ತಿದ್ದ. ನಾನು ಏನೂ ಹೇಳಬೇಕಾಗಲಿಲ್ಲ. ಮತ್ತೆ ಅವನು ಗಬ್ಬೂರಿನ ಬಸ್ಸು ಹತ್ತಲಿಲ್ಲ.